ಕಾರಟಗಿಯ ಅಕ್ಕಿ ಗಿರಣಿಯಿಂದ ದುಬೈ ಗೋದಾಮಿಗೆ: ಫೋರ್ಕ್‌ಲಿಫ್ಟ್ ಕೆಲಸಕ್ಕೆ ವೀಸಾ ಸಿಕ್ಕ ಬಗೆ

ನಮ್ಮ ಕಡೆ ಯಾರಾದರೂ ದುಬೈಗೆ ಹೊರಟರೆ ಊರಿನವರು ಕೇಳುವ ಮೊದಲ ಮಾತು, "ವೀಸಾಕ್ಕೆ ಎಷ್ಟು ಬಿತ್ತು?" ಜಾತ್ರೆಯಲ್ಲಿ ಎತ್ತಿನ ಜೋಡಿಯ ಬೆಲೆ ಕೇಳುವ ಧಾಟಿಯಲ್ಲಿಯೇ ಕೇಳುತ್ತಾರೆ. 2022ರಲ್ಲಿ ನಾನೂ ಅವರಲ್ಲಿ ಒಬ್ಬನಾಗಿದ್ದೆ. ಎಪ್ಪತ್ತು ಸಾವಿರ ರೂಪಾಯಿ ಕೊಟ್ಟು ಕೆನಡಾದ ವೀಸಾ 'ಬುಕ್' ಮಾಡಿಸಿದ್ದೆ. ಅದರಲ್ಲಿ ನಲವತ್ತು ಸಾವಿರ ಹೆಂಡತಿಯ ಸರ ಅಡವಿಟ್ಟು ತಂದದ್ದು. ವೀಸಾ ಬರಲಿಲ್ಲ, ಕಚೇರಿಗೆ ಬೀಗ ಬಿತ್ತು. ಸರ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು.

ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ ಪಕ್ಕದ ಹಳ್ಳಿ. ತುಂಗಭದ್ರಾ ಎಡದಂಡೆ ನಾಲೆಯ ನೀರು, ಸೋನಾ ಮಸೂರಿ ಭತ್ತ, ರಸ್ತೆಯ ಎರಡೂ ಬದಿಗೆ ಅಕ್ಕಿ ಗಿರಣಿಗಳು. ಅಪ್ಪ ಗಿರಣಿಯಲ್ಲಿ ಹಮಾಲರು. ಎಪ್ಪತ್ತೈದು ಕಿಲೋ ಚೀಲವನ್ನು ಬೆನ್ನಿನ ಮೇಲೆ ಹೊತ್ತು ಹಲಗೆ ಏರುವವರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿ ಅದೇ ಗಿರಣಿ ಸೇರಿದೆ. ಮುಂದೆ ಗಿಣಿಗೇರಿ ಹತ್ತಿರದ ಕಾರ್ಖಾನೆಯೊಂದರ ಗೋದಾಮಿನಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಎರಡೂವರೆ ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್ ಓಡಿಸುವುದನ್ನು ಅಲ್ಲಿ ಕಲಿತೆ. ಮುಂದೆ ಚಾಚಿದ ಎರಡು ಕಬ್ಬಿಣದ ಫೋರ್ಕ್‌ಗಳಿಂದ ಭಾರ ಎತ್ತಿಡುವ ಗಾಡಿ ಅದು. ಅಪ್ಪನ ಗುಂಪು ಅರ್ಧ ದಿನ ಹೊರುವಷ್ಟನ್ನು ಗಂಟೆಯೊಳಗೆ ಎತ್ತಿಟ್ಟ ಮೊದಲ ದಿನ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗಿತ್ತು.

ಕೆನಡಾದ ಮಾತಿಗೆ ಮರಳುತ್ತೇನೆ. ಆ ಏಜೆಂಟ್ ತೋರಿಸಿದ ಕಾಗದಕ್ಕೆ ಎಲ್‌ಎಂಐಎ ಎಂಬ ಹೆಸರಿತ್ತು, ಮೇಪಲ್ ಎಲೆಯ ಮುದ್ರೆಯಿತ್ತು, ನನ್ನ ಹೆಸರೂ ಇತ್ತು. ಈ ಎಲ್‌ಎಂಐಎ ನಿಜವಾಗಿಯೂ ಇರುವಂಥದ್ದೇ. ಈ ಕೆಲಸಕ್ಕೆ ಸ್ಥಳೀಯರು ಸಿಗುತ್ತಿಲ್ಲ, ಹೊರಗಿನವರನ್ನು ಕರೆಸಬೇಕಾಗಿದೆ ಎಂದು ಅಲ್ಲಿನ ಮಾಲೀಕ ತನ್ನ ಸರ್ಕಾರಕ್ಕೆ ಅರ್ಜಿ ಹಾಕಿ ಪಡೆಯುವ ಒಪ್ಪಿಗೆ ಅದು. ಶುಲ್ಕ ಹುದ್ದೆಯೊಂದಕ್ಕೆ 1,000 ಕೆನಡಾ ಡಾಲರ್. ಅದನ್ನು ಮಾಲೀಕನೇ ಕಟ್ಟಬೇಕು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಇದನ್ನು ನಾನು ತಿಳಿದದ್ದು ಹಣ ಹೋದ ಮೇಲೆ. ತಿಳಿಯದವನಿಗೂ ಹೊಳೆಯಬೇಕಾಗಿದ್ದ ಸೂಚನೆಯೊಂದು ಕಣ್ಣೆದುರಿಗೇ ಇತ್ತು. ಏಳು ತಿಂಗಳಲ್ಲಿ ಫೋಟೊ ಕೇಳಿದರು, ಸಹಿ ಕೇಳಿದರು, ಕಂತು ಕೇಳಿದರು. ನಿನಗೆ ಫೋರ್ಕ್‌ಲಿಫ್ಟ್ ಓಡಿಸಲು ಬರುತ್ತದೆಯೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಸ್ಪಾನ್ಸರ್‌ಶಿಪ್ ಎಂದರೆ ಏನೆಂಬುದು ಆ ಪೆಟ್ಟಿನಿಂದಲೇ ತಲೆಗೆ ಹೋಯಿತು. ಅರ್ಜಿದಾರ ನಾನಲ್ಲ, ಮಾಲೀಕ. ನನ್ನ ಹೆಸರಿನಲ್ಲಿ ಆತ ತನ್ನ ಸರ್ಕಾರಕ್ಕೆ ಜವಾಬು ಹೇಳುತ್ತಾನೆ. ಹಾಗಾಗಿ ಹುಡುಕಬೇಕಾದದ್ದು ವೀಸಾವನ್ನಲ್ಲ, ನನ್ನ ಕೈಕೆಲಸ ಬೇಕಾಗಿರುವ ಗೋದಾಮನ್ನು. ಯಾವ ದೇಶದಲ್ಲಿ ಆ ದಾರಿ ಇದೆ ಎಂದು ಸರ್ಕಾರಿ ಜಾಲತಾಣಗಳನ್ನೇ ನೋಡುತ್ತ ಹೋದೆ. ಇಂಗ್ಲಿಷ್ ತೊಡಕಾದಲ್ಲಿ ಅಕ್ಕನ ಮಗಳು ಓದಿ ಹೇಳಿದಳು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಅರ್ಹವಾದ ಕೆಲಸಗಳ ಪಟ್ಟಿಯಲ್ಲಿ ಫೋರ್ಕ್‌ಲಿಫ್ಟ್ ಚಾಲಕರ ಹೆಸರೇ ಇಲ್ಲ. ಲಂಡನ್ ಗೋದಾಮಿಗೆ ಕಳಿಸುತ್ತೇವೆ ಎನ್ನುವ ಜಾಹೀರಾತುಗಳಿಗೆ ಮಾತ್ರ ಬರವಿಲ್ಲ. ಪೋಲೆಂಡಿನಲ್ಲಿ ದಾರಿ ಇದೆ, ಮಾಲೀಕನೇ ಪರವಾನಗಿ ತೆಗೆಸುತ್ತಾನೆ, ಆದರೆ ಯಂತ್ರ ಮುಟ್ಟಲು ಅಲ್ಲಿನ ಯಂತ್ರ ತಪಾಸಣಾ ಸಂಸ್ಥೆ ಯುಡಿಟಿಯ ಅರ್ಹತಾ ಪತ್ರ ಬೇಕು. ಕೊಲ್ಲಿ ದೇಶಗಳಲ್ಲಿ ದಾರಿ ನೇರ, ಸಂಬಳ ಕಡಿಮೆ. ನಾನು ನೇರ ದಾರಿ ಹಿಡಿದೆ.

ದಾರಿ ಗೊತ್ತಾದ ಮೇಲೆ ಕೈಯತ್ತ ನೋಡಿಕೊಂಡೆ. ಗಿಣಿಗೇರಿಯಲ್ಲಿ ನಾನು ಓಡಿಸುತ್ತಿದ್ದುದು ಹಿಂದೆ ಭಾರದ ಗುಂಡು ಹೊತ್ತ ಸಾಮಾನ್ಯ ಫೋರ್ಕ್‌ಲಿಫ್ಟ್. ಹೊರದೇಶದ ಗೋದಾಮುಗಳಲ್ಲಿ ಕಪಾಟುಗಳು ಹತ್ತು ಮೀಟರ್ ದಾಟುತ್ತವೆ, ಓಣಿಗಳು ಕಿರಿದು. ಅಲ್ಲಿ ಓಡುವುದು ರೀಚ್ ಟ್ರಕ್. ಅದರಲ್ಲಿ ಅಡ್ಡಲಾಗಿ ಕೂರಬೇಕು, ಕತ್ತು ಮೇಲೆತ್ತಿ ಫೋರ್ಕನ್ನು ನೋಡಬೇಕು. ಅದನ್ನು ಕಲಿಯಲೆಂದೇ ಬೆಂಗಳೂರಿನ ಹೊಸಕೋಟೆ ಕಡೆಯ ಗೋದಾಮೊಂದರಲ್ಲಿ ಹೆಲ್ಪರ್ ಆಗಿ ಸೇರಿದೆ. ಸಂಬಳ ಮೊದಲಿಗಿಂತ ಕಡಿಮೆ, ಬಾಡಿಗೆ ಬೇರೆ. ಮನೆಯಲ್ಲಿ ಯಾರೂ ಒಪ್ಪಲಿಲ್ಲ. ನಾಲ್ಕು ತಿಂಗಳ ನಂತರ ರಾತ್ರಿ ಪಾಳಿಯವನು ಬಿಟ್ಟುಹೋದಾಗ ಯಂತ್ರ ನನ್ನ ಕೈಗೆ ಬಂತು. ಮುಂದೆ ಒಂದು ವರ್ಷ ಅದರ ಮೇಲೆಯೇ ಇದ್ದೆ.

ಈ ಅವಧಿಯಲ್ಲಿ 'ಅಂತರರಾಷ್ಟ್ರೀಯ ಫೋರ್ಕ್‌ಲಿಫ್ಟ್ ಲೈಸೆನ್ಸ್' ಎಂಬ ಪ್ಲಾಸ್ಟಿಕ್ ಕಾರ್ಡನ್ನು ಹದಿನೈದು ಸಾವಿರಕ್ಕೆ ಮಾರುವವರು ಸಿಕ್ಕರು. ಎಲ್ಲ ದೇಶಗಳಲ್ಲಿ ಸಲ್ಲುವ ಅಂಥ ಲೈಸೆನ್ಸ್ ಯಾವುದೂ ಇಲ್ಲ. ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಶಾದ ಹೆಸರಿನ ಕಾರ್ಡಿನ ಕಥೆಯೂ ಅಷ್ಟೇ: ಓಶಾ ಯಾರಿಗೂ ಫೋರ್ಕ್‌ಲಿಫ್ಟ್ ಲೈಸೆನ್ಸ್ ಕೊಡುವುದಿಲ್ಲ. ತರಬೇತಿ ಕೊಟ್ಟು, ಪರೀಕ್ಷಿಸಿ, ದೃಢೀಕರಿಸುವ ಹೊಣೆಯನ್ನು ಅಲ್ಲಿನ ನಿಯಮ ಮಾಲೀಕನ ಮೇಲೆಯೇ ಹೊರಿಸಿದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆ ಕಾರ್ಖಾನೆಯ ಆವರಣದೊಳಗೆ ಮಾತ್ರ ಬಳಸುವ ವಿಶೇಷ ಬಗೆಯ ವಾಹನಗಳನ್ನು ಮೋಟಾರು ವಾಹನದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಹೀಗಾಗಿ ನನ್ನ ಬಳಿ ಇದ್ದುದು ಕಾರಿನ ಡ್ರೈವಿಂಗ್ ಲೈಸೆನ್ಸ್ ಮತ್ತು ಒಂದು ತರಬೇತಿ ಸಂಸ್ಥೆಯ ಪ್ರಮಾಣಪತ್ರ ಮಾತ್ರ. ಅಷ್ಟೇ ಸಾಕಾಯಿತು.

ಸಾಕಾಗದೆ ಕಾಡಿದ್ದು ಅನುಭವ ಪತ್ರ. ಗುತ್ತಿಗೆದಾರ ಮೂರು ವರ್ಷ ಆಪರೇಟರ್ ಆಗಿ ದುಡಿಸಿಕೊಂಡು ಪತ್ರದಲ್ಲಿ 'ಹೆಲ್ಪರ್' ಎಂದು ಬರೆದುಕೊಟ್ಟ. ಆಪರೇಟರ್ ಎಂದರೆ ಕೂಲಿಯ ದರ ಬೇರೆ, ಅದಕ್ಕೆ. ಬೇಡಿದೆ, ಜಗಳವಾಡಿದೆ, ಜಗ್ಗಲಿಲ್ಲ. ಕೊನೆಗೆ ನೆರವಿಗೆ ಬಂದದ್ದು ಪಿಎಫ್ ಪಾಸ್‌ಬುಕ್. ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದೆ ಎಂಬುದಕ್ಕೆ ಅಲ್ಲಿ ಲೆಕ್ಕ ಸಿಗುತ್ತದೆ. ಜೊತೆಗೆ ಹೊಸಕೋಟೆಯ ಸೂಪರ್‌ವೈಸರ್ ಅನುಮತಿಯಿಂದ ಎರಡು ನಿಮಿಷದ ವಿಡಿಯೊ ಮಾಡಿಸಿಕೊಂಡೆ: ಒಂಬತ್ತನೇ ಮೀಟರಿನ ಕಪಾಟಿನಿಂದ ಪ್ಯಾಲೆಟ್ (ಸರಕು ಹೊತ್ತ ಹಲಗೆ) ಇಳಿಸುವುದು, ಮುಖ ಕಾಣುವ ಹಾಗೆ. ಹತ್ತು ಪುಟದ ಬಯೋಡಾಟಾ ಮಾಡದ ಕೆಲಸವನ್ನು ಆ ವಿಡಿಯೊ ಮಾಡಿತು.

2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯದಲ್ಲಿ ನೀರಿಲ್ಲದೆ ನಮ್ಮ ಕಡೆ ಎರಡನೇ ಬೆಳೆ ಹೋಯಿತು. ಗಿರಣಿಗಳಲ್ಲಿ ಕೆಲಸ ತಗ್ಗಿ ಅಪ್ಪ ವಾರಕ್ಕೆ ಎರಡು ದಿನ ದುಡಿಯುವಂತಾಯಿತು. ಇನ್ನು ತಡ ಮಾಡುವ ಹಾಗಿರಲಿಲ್ಲ.

ನನ್ನ ಪಾಸ್‌ಪೋರ್ಟನ್ನು 2021ರಲ್ಲೇ ಹುಬ್ಬಳ್ಳಿಯಲ್ಲಿ 1,500 ರೂಪಾಯಿಗೆ ಮಾಡಿಸಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು. ಯುಎಇ ಸೇರಿದಂತೆ ನಿಗದಿತ ದೇಶಗಳಿಗೆ ಕೂಲಿಗೆ ಹೋಗಬೇಕಾದರೆ ಇಂಥವರು ಕೇಂದ್ರ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಇದನ್ನು ಕಳಂಕವೆಂದು ಭಾವಿಸಿ ತಲೆ ತಗ್ಗಿಸುತ್ತಿದ್ದೆ. ನಿಜದಲ್ಲಿ ನನ್ನನ್ನು ಕಾಪಾಡಿದ್ದೇ ಅದು. ಅನುಮತಿ ಬೇಕೆಂದರೆ ಎಲ್ಲವೂ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಹಾದುಹೋಗಬೇಕು: ಮಾಲೀಕನ ಹೆಸರು, ಒಪ್ಪಂದ, ಸಂಬಳ, ಏಜೆಂಟ್. ಅಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಯಾರ ಲೈಸೆನ್ಸ್ ಚಾಲ್ತಿಯಲ್ಲಿದೆ, ಯಾರದು ಮುಗಿದಿದೆ ಎಂಬುದೂ ಕಾಣುತ್ತದೆ. ನಮ್ಮ ಊರುಗಳಲ್ಲಿ ತಿರುಗುವವರು ಹೆಚ್ಚಿನವರು 'ಅವರ ಕಡೆಯವರು'. ಕಾನೂನಿನಲ್ಲಿ ಕಡೆಯವರು ಎಂಬ ವರ್ಗವೇ ಇಲ್ಲ. ಕರ್ನಾಟಕ ಕೌಶಲ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಅಲ್ಲಿಯೂ ಹೆಸರು ಬರೆಸಿದೆ, ಆದರೆ ಅಷ್ಟರಲ್ಲಿ ಪಟ್ಟಿಯಲ್ಲಿದ್ದ ಬೆಂಗಳೂರಿನ ಏಜೆನ್ಸಿಯೊಂದರಿಂದ ಕರೆ ಬಂತು. ಫೋನಿನಲ್ಲಿ ಅವರ ಮೊದಲ ಪ್ರಶ್ನೆ: "ರೀಚ್ ಟ್ರಕ್ ಎಷ್ಟು ಎತ್ತರಕ್ಕೆ ಓಡಿಸಿದ್ದೀರಿ?" ಕೇಳಿ ಜೀವಕ್ಕೆ ಸಮಾಧಾನವಾಯಿತು.

ಟ್ರೇಡ್ ಟೆಸ್ಟ್ 2024ರ ಮೇ ತಿಂಗಳಲ್ಲಿ. ಹಿಂದಿನ ವಾರ ಊರಿಗೆ ಬಂದಿದ್ದವನು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ನಿಂತೇ ಬೆಂಗಳೂರಿಗೆ ಹೋದೆ. ಕಂಪನಿಯ ಕಡೆಯಿಂದ ಬಂದಿದ್ದ ಪರೀಕ್ಷಕರು ಮಲಯಾಳಿ, ಹಿಂದಿಯಲ್ಲಿ ಮಾತನಾಡಿದರು. ಹನ್ನೊಂದು ಜನ ಇದ್ದೆವು. ಮೊದಲು ಕೋನ್‌ಗಳ ನಡುವೆ ಹಿಂದಕ್ಕೆ ಓಡಿಸುವುದು. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ, ಬಾಲ ಹೊರಕ್ಕೆ ಬೀಸುತ್ತದೆ. ಕಾರಿನ ಅಭ್ಯಾಸದವರು ಇಬ್ಬರು ಇಲ್ಲೇ ಕೋನ್ ಉರುಳಿಸಿದರು.

ಆಮೇಲೆ ಮರದ ಪೆಟ್ಟಿಗೆಯೊಂದನ್ನು ತೋರಿಸಿ ಎತ್ತಲು ಹೇಳಿದರು. ಪೆಟ್ಟಿಗೆಯ ಮೇಲೆ 2,000 ಕಿಲೋ ಎಂದು ಬರೆದಿತ್ತು, ಯಂತ್ರ ಎರಡೂವರೆ ಟನ್ನಿನದು. ನನಗಿಂತ ಮುಂಚಿನವರು ಯಂತ್ರದ ಸಾಮರ್ಥ್ಯ ಹೆಚ್ಚಿದೆಯಲ್ಲ ಎಂದು ನೇರವಾಗಿ ಫೋರ್ಕ್ ತೂರಿಸುತ್ತಿದ್ದಂತೆ ಪರೀಕ್ಷಕರು ಕೈ ಎತ್ತಿ ನಿಲ್ಲಿಸಿ, ಕಾಗದದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದೆ. ಉದ್ದ ಒಂದು ಮೀಟರ್ ಅರವತ್ತು ಸೆಂಟಿಮೀಟರ್, ಅಗಲ ಒಂದು ಮೀಟರ್, ಇಟ್ಟಿದ್ದು ಕಿರಿದಾದ ಬದಿ ನಮ್ಮತ್ತ ಇರುವಂತೆ. ಆ ಬದಿಯಿಂದ ಎತ್ತಿದರೆ ಭಾರದ ನಡುಬಿಂದು ಫೋರ್ಕಿನ ಬುಡದಿಂದ 800 ಮಿಲಿಮೀಟರ್ ಆಚೆ ಬೀಳುತ್ತದೆ. ಯಂತ್ರದ ತಗಡಿನ ಫಲಕದಲ್ಲಿ ಎರಡೂವರೆ ಟನ್ ಎಂದು ಬರೆದಿದ್ದು ಆ ನಡುಬಿಂದು 500 ಮಿಲಿಮೀಟರ್ ದೂರದಲ್ಲಿದ್ದರೆ ಮಾತ್ರ. 800ರ ಸಾಲಿನಲ್ಲಿ ಎರಡು ಟನ್ನಿಗಿಂತ ಕಡಿಮೆ ಇತ್ತು. "ಈ ಬದಿಯಿಂದ ಎತ್ತುವುದಿಲ್ಲ, ಪಕ್ಕದಿಂದ ಎತ್ತುತ್ತೇನೆ" ಎಂದೆ. ಅವರು ಏನೂ ಹೇಳದೆ ಕೈಯಿಂದ ದಾರಿ ತೋರಿಸಿದರು. ಉದ್ದದ ಬದಿಗೆ ಹೋಗಿ ಫೋರ್ಕ್‌ಗಳ ನಡುವಿನ ಅಂತರ ಹೆಚ್ಚಿಸಿ ಎತ್ತಿ, ನೆಲದಿಂದ ಗೇಣಿನೊಳಗೇ ಇರಿಸಿ, ಫೋರ್ಕ್ ಹೊತ್ತ ಕಂಬವಾದ ಮಾಸ್ಟನ್ನು ಹಿಂದಕ್ಕೆ ವಾಲಿಸಿ ಒಯ್ದೆ. ಹನ್ನೊಂದು ಜನರಲ್ಲಿ ನಾಲ್ವರು ಆಯ್ಕೆಯಾದೆವು.

ಆಫರ್ ಲೆಟರ್ ಓದುವಾಗ ಅವಸರ ಮಾಡಲಿಲ್ಲ. ಯುಎಇಯ ಕಾರ್ಮಿಕ ಸಚಿವಾಲಯದ ನಮೂನೆಯ ಪತ್ರ ಅರಬಿ ಮತ್ತು ಇಂಗ್ಲಿಷಿನ ಜೊತೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಸಿಗುತ್ತದೆ. ಆ ಪಟ್ಟಿಯಲ್ಲಿ ತಮಿಳು, ಮಲಯಾಳಂ, ಹಿಂದಿ, ಬಂಗಾಳಿ ಇವೆ, ಕನ್ನಡ ಇಲ್ಲ. ಹಿಂದಿಯದನ್ನು ಕೇಳಿ ಪಡೆದೆ. ಬಾಯಿಮಾತಿನಲ್ಲಿ 1,800 ದಿರ್ಹಮ್ ಎಂದಿದ್ದರು. ಕಾಗದದಲ್ಲಿ ಮೂಲ ವೇತನ 1,200, ಉಳಿದದ್ದು ಭತ್ಯೆ. ಸುಳ್ಳಲ್ಲ, ಆದರೆ ವ್ಯತ್ಯಾಸ ಇದೆ: ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದಂತೆ, ಮೂಲ ವೇತನದ ಮೇಲೆಯೇ ಲೆಕ್ಕ ಹಾಕುತ್ತಾರೆ. ಹೆಚ್ಚುವರಿ ದುಡಿಮೆಗೂ ಮೂಲ ವೇತನವೇ ಅಳತೆ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಯುಎಇ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಮಾಲೀಕ ಕೆಲಸಗಾರನ ತಲೆಗೆ ಕಟ್ಟುವಂತಿಲ್ಲ. ಭಾರತದ ನಿಯಮದಂತೆ ನೋಂದಾಯಿತ ಏಜೆಂಟ್ ಸೇವಾ ಶುಲ್ಕವೆಂದು ಗರಿಷ್ಠ 30,000 ರೂಪಾಯಿ ಪಡೆಯಬಹುದು, ಮೇಲೆ ಜಿಎಸ್‌ಟಿ. ನಾನು 35,400 ಕೊಟ್ಟೆ, ಬ್ಯಾಂಕ್ ಮೂಲಕ, ರಸೀದಿ ಪಡೆದು. ವಲಸೆ ಅನುಮತಿಗೆ 200, ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275. ಆ ವಿಮೆಯಲ್ಲಿ ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಇದೆ. ವಿಮಾನದ ಟಿಕೆಟ್ ಕಂಪನಿಯದು. ಇದರ ಹೊರಗೆ ಇನ್ನೊಂದು ಸಣ್ಣ ಖರ್ಚು ಮಾಡಿದ್ದೆ: ಹಣ ಕಟ್ಟುವ ಮೊದಲೇ ಗಂಗಾವತಿಯಲ್ಲಿ ಎದೆಯ ಎಕ್ಸ್‌ರೇ ತೆಗೆಸಿದ್ದು. ವರ್ಷಗಟ್ಟಲೆ ಭತ್ತದ ದೂಳು ಕುಡಿದ ಎದೆ. ದುಬೈಗೆ ಇಳಿದ ಮೇಲೆ ಅಲ್ಲಿಯೂ ರಕ್ತ ಮತ್ತು ಎದೆಯ ಪರೀಕ್ಷೆ ಇದೆ, ಕ್ಷಯ ಕಂಡರೆ ಕಥೆ ಮುಗಿದಂತೆ. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ಏನೂ ಇಲ್ಲ ಎಂದ ಮೇಲೆಯೇ ಮುಂದುವರಿದೆ.

ಜುಲೈನಲ್ಲಿ ವೀಸಾ ಬಂತು. ಕಾಗದದಲ್ಲಿ ನಾನು ನೋಡಿದ್ದು 'ಎಂಪ್ಲಾಯ್‌ಮೆಂಟ್' ಎಂಬ ಪದವನ್ನು, ಆಮೇಲೆ ಕಂಪನಿಯ ಹೆಸರನ್ನು, ಅದು ಆಫರ್ ಲೆಟರಿನಲ್ಲಿದ್ದುದೇ ಹೌದೇ ಎಂದು. ಒಂದು ದಿನದ ಪ್ರಯಾಣಪೂರ್ವ ತರಬೇತಿ ಮುಗಿಸಿ ಊರಿನಲ್ಲಿ ಅನುಮತಿಗೆ ಕಾಯುತ್ತಿದ್ದಾಗ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಯಿತು. ಒಂದು ವರ್ಷ ನೀರಿಲ್ಲದೆ ಅತ್ತವರು ತುಂಬಿದ ನೀರು ಹರಿದುಹೋಗುವುದನ್ನು ನೋಡುತ್ತ ನಿಂತರು. ಅಪ್ಪ ಅಂದು ರಾತ್ರಿ ಮೊದಲ ಬಾರಿಗೆ, ನೀನು ಹೋಗುವುದೇ ಸರಿ, ಎಂದರು.

ಅಲ್ ಕೂಸ್‌ನ ಗೋದಾಮಿನಲ್ಲಿ ಮೊದಲ ಆರು ವಾರ ಯಂತ್ರ ಮುಟ್ಟಲು ಬಿಡಲಿಲ್ಲ. ದುಬೈನ ಸಾರಿಗೆ ಪ್ರಾಧಿಕಾರ ಆರ್‌ಟಿಎ ಫೋರ್ಕ್‌ಲಿಫ್ಟಿಗೇ ಪ್ರತ್ಯೇಕ ಲೈಸೆನ್ಸ್ ಕೊಡುತ್ತದೆ, ಕಂಪನಿ ಹಣ ಕಟ್ಟಿ ತರಗತಿಗೆ ಕಳಿಸಿತು. ಮೊದಲ ಪರೀಕ್ಷೆಯಲ್ಲಿ ನಪಾಸಾದೆ. ಓಡಿಸಿದ್ದರಲ್ಲಿ ತಪ್ಪಿರಲಿಲ್ಲ. ನಿಲ್ಲಿಸಿ ಇಳಿಯುವಾಗ ಫೋರ್ಕ್ ನೆಲಕ್ಕೆ ತಾಗಿರಲಿಲ್ಲ, ಎರಡು ಬೆರಳಿನಷ್ಟು ಮೇಲಿತ್ತು. ವರ್ಷಗಳ ಅಭ್ಯಾಸ ಎರಡು ಬೆರಳಿನಲ್ಲಿ ಸಿಕ್ಕಿಬಿತ್ತು. ಎರಡನೆಯ ಸಲ ಪಾಸಾದೆ.

ಈಗ ಊರಿನಿಂದ ಕರೆಗಳು ಬರುತ್ತವೆ. ಹೋದ ತಿಂಗಳು ಸಿದ್ದಾಪುರ ಕಡೆಯ ಹುಡುಗನೊಬ್ಬ ತನ್ನ ವೀಸಾದ ಚಿತ್ರ ಕಳಿಸಿ ಎಲ್ಲ ಸರಿಯಿದೆಯೇ ಎಂದ. ಹಿಗ್ಗಿಸಿ ನೋಡಿದೆ, 'ಟೂರಿಸ್ಟ್' ಎಂದಿತ್ತು. ಅಲ್ಲಿ ಹೋಗಿ ಬದಲಾಯಿಸುತ್ತಾರಂತೆ ಎಂದ. ಪ್ರವಾಸಿ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ, ಸಿಕ್ಕಿಬಿದ್ದರೆ ದಂಡ ಬೀಳುವುದು ನಿನಗೂ ಎಂದೆ. ಅದೃಷ್ಟಕ್ಕೆ ಐದು ಸಾವಿರ ಮುಂಗಡ ಬಿಟ್ಟರೆ ಹೆಚ್ಚು ಕೊಟ್ಟಿರಲಿಲ್ಲ. ನಾಲ್ಕು ದಿನ ನನ್ನ ಮೇಲೆ ಮುನಿಸಿಕೊಂಡಿದ್ದವನು ಈಗ ಹೊಸಕೋಟೆಯ ಅದೇ ಗೋದಾಮಿಗೆ ಹೆಲ್ಪರ್ ಆಗಿ ಸೇರಿದ್ದಾನೆ. ನಿನ್ನೆ ಮಾತನಾಡಿದಾಗ ಪಿಎಫ್ ಸಂಖ್ಯೆ ಕೊಟ್ಟರೇ ಎಂದು ಕೇಳಿದೆ. ಇನ್ನೂ ಇಲ್ಲವಂತೆ. ಸೋಮವಾರ ಮತ್ತೆ ಕೇಳು ಎಂದಿದ್ದೇನೆ.