ದೇಶಿ ಹತಾರವೋ, ಆಮದು ಹತಾರವೋ: ಗುಣಮಟ್ಟವನ್ನು ಕೈಯಲ್ಲೇ ಪರೀಕ್ಷಿಸುವ ಬಗೆ

ಸ್ಪ್ಯಾನರ್ ಮೇಲೆ ಒತ್ತಿದ ದೇಶದ ಹೆಸರಿನಿಂದ ಅದರ ಗುಣ ತಿಳಿಯುವುದಿಲ್ಲ. ಉಕ್ಕು ಒಂದು ಕಡೆಯದು, ಫೋರ್ಜಿಂಗ್ ಇನ್ನೊಂದು ಕಡೆ, ಲೇಪ ಮತ್ತು ಪ್ಯಾಕಿಂಗ್ ಮತ್ತೊಂದು ಕಡೆ ಆಗಿರುವುದು ಈಗ ಮಾಮೂಲು. ಒಂದೇ ಬ್ರ್ಯಾಂಡಿನ ಮೇಲ್ದರ್ಜೆಯ ಮಾಲು ಒಂದು ದೇಶದ್ದು, ಅಗ್ಗದ ಸಾಲು ಇನ್ನೊಂದು ದೇಶದ್ದು ಆಗಿರುವುದೂ ಉಂಟು. 1887ರಲ್ಲಿ ಬ್ರಿಟನ್ ತಂದ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆಯ ಹಿಂದೆ ಶೆಫೀಲ್ಡಿನ ಚಾಕು-ಕತ್ತರಿ ತಯಾರಕರ ದೂರಿತ್ತು. ಶೆಫೀಲ್ಡ್ ಹೆಸರು ಹೊತ್ತು ಬರುತ್ತಿದ್ದ ಜರ್ಮನ್ ಮಾಲನ್ನು ಗುರುತು ಹಚ್ಚಲಿ ಎಂದು 'ಮೇಡ್ ಇನ್ ಜರ್ಮನಿ' ಮುದ್ರೆ ಬಂತು. ಗಿರಾಕಿಯನ್ನು ಎಚ್ಚರಿಸಲು ಬಂದ ಆ ಮುದ್ರೆಯನ್ನೇ ಮುಂದೆ ಜನ ಹುಡುಕಿ ಕೊಳ್ಳತೊಡಗಿದರು. ಮುದ್ರೆಯ ಅರ್ಥ ಹೀಗೆ ಬದಲಾಗುತ್ತಲೇ ಇರುತ್ತದೆ. ಹತಾರವನ್ನು ಅಳೆಯಬೇಕಾದ್ದು ಅದರ ಹದದಿಂದ, ಅಳತೆಯಿಂದ, ಜೋಡಣೆಯಿಂದ. ಈ ಮೂರನ್ನೂ ಪ್ರಯೋಗಾಲಯವಿಲ್ಲದೆಯೇ ಪರೀಕ್ಷಿಸಬಹುದು.

ಬೇಕಾಗುವುದು ಇಷ್ಟು: 0.02 ಮಿ.ಮೀ. ತೋರಿಸುವ ವರ್ನಿಯರ್ ಕ್ಯಾಲಿಪರ್, ನುಣುಪು ಹಲ್ಲಿನ ಹೊಸ ಅರ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಅಂಗೈ ಅಗಲದ ದಪ್ಪ ಗಾಜು, ಮಾರ್ಕರ್ ಪೆನ್ನು, ನಟ್ ಸಮೇತ ಕೆಲವು ಹೊಸ ಎಂ8 (8 ಮಿ.ಮೀ. ದಪ್ಪದ) ಬೋಲ್ಟು.

ಮೊದಲು ಹದ

'ಕ್ರೋಮ್ ವೆನೇಡಿಯಂ' ಎಂಬ ಮುದ್ರೆ ನೋಡಿ ಮನಸೋಲಬೇಡಿ. ಈ ಉಕ್ಕುಗಳಲ್ಲಿ ವೆನೇಡಿಯಂ ಇರುವುದೇ ಶೇ. 0.1ರ ಆಸುಪಾಸು. ಅದೇ ಉಕ್ಕನ್ನು ಸರಿಯಾಗಿ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿದರೆ ಒಳ್ಳೆಯ ಸ್ಪ್ಯಾನರ್ ಆಗುತ್ತದೆ. ಅವಸರ ಮಾಡಿದರೆ ಬಾಯಿ ಬಿಡುವ ಇಲ್ಲವೇ ಸೀಳುವ ಸ್ಪ್ಯಾನರ್ ಆಗುತ್ತದೆ. ಅಗ್ಗದ ಹತಾರಗಳಲ್ಲಿ, ದೇಶಿಯಾಗಲಿ ಆಮದಾಗಲಿ, ಹೆಚ್ಚಾಗಿ ಕೈಕೊಡುವುದು ಉಕ್ಕಲ್ಲ, ಹದ. ಅದರಲ್ಲೂ ಒಂದು ಪೀಸ್ ಚೆನ್ನಾಗಿ, ಪಕ್ಕದ್ದು ಕೆಟ್ಟು ಬರುವುದು ಹದದ ಮೇಲೆ ನಿಗಾ ಇಲ್ಲದ ಕಾರ್ಖಾನೆಯ ಗುರುತು.

ಗಡಸುತನವನ್ನು ರಾಕ್‌ವೆಲ್ ಸಿ ಅಂಕದಲ್ಲಿ ಹೇಳುತ್ತಾರೆ. ಗಡಸು ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಸ್ಪ್ಯಾನರಿಗೆ 40ರಿಂದ 48 ಸಾಕು, ಅದು ಸ್ವಲ್ಪ ಬಾಗಿದರೂ ಮುರಿಯಬಾರದು. ಸುತ್ತಿಗೆಯ ಮುಖ 50ರಿಂದ 58, ಸ್ಕ್ರೂಡ್ರೈವರ್ ತುದಿ 52ರಿಂದ 60, ಮರಗೆಲಸದ ಉಳಿ 58ರಿಂದ 62, ಪ್ಲೇಯರಿನ ಕತ್ತರಿಸುವ ಅಂಚು 60ರ ಆಚೀಚೆ. ಅರದ ಗಡಸು 62ರಿಂದ 66. ಬೇರೆ ಹತಾರಗಳನ್ನು ಅರದಿಂದಲೇ ಪರೀಕ್ಷಿಸಬಹುದಾದ್ದು ಇದರಿಂದಾಗಿ.

ಅರದ ಪರೀಕ್ಷೆಯನ್ನು ಕೊಂಡ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ ಮಾಡಿ. ಅರದ ಅಂಚನ್ನು ಹಗುರವಾಗಿ ಒತ್ತಿ ಒಮ್ಮೆ ಮುಂದಕ್ಕೆ ತಳ್ಳಿ. ಉಳಿಯ ಅಲಗಿನ ಮೇಲೆ ಅರ ಜಾರಬೇಕು, ಗೀರು ಬಿದ್ದರೂ ತೀರ ತೆಳ್ಳಗೆ. ಸ್ಪ್ಯಾನರಿನ ಮೇಲೆ ಅರ ಕಚ್ಚಬೇಕು, ಆದರೆ ಶ್ರಮಪಟ್ಟು; ಸಾದಾ ಕಬ್ಬಿಣದ ಸರಳಿನಷ್ಟು ಸಲೀಸಾಗಿ ಪುಡಿ ಉದುರಿದರೆ ಅದು ಮೆದು. ಸ್ಪ್ಯಾನರಿನ ಮೇಲೂ ಅರ ಜಾರಿದರೆ ಅದು ಇನ್ನೂ ಕೆಟ್ಟದ್ದು: ಅಂಥದ್ದು ಎಚ್ಚರಿಕೆ ಕೊಡದೆ ಸೀಳುತ್ತದೆ. ಕ್ರೋಮ್ ಲೇಪ ತಾನೇ ಬಲು ಗಡಸು, ಆದ್ದರಿಂದ ಲೇಪದ ಮೇಲೆ ಉಜ್ಜಿ ತೀರ್ಮಾನಕ್ಕೆ ಬರಬೇಡಿ. ಲೇಪ ದಾಟಿ ಉಕ್ಕು ಕಾಣುವವರೆಗೆ ಹೋಗಿ.

ಸ್ಪ್ಯಾನರ್, ಸಾಕೆಟ್, ರ‍್ಯಾಚೆಟ್

13ರ ಸ್ಪ್ಯಾನರಿನ ಬಾಯಿ ಸರಿಯಾಗಿ 13 ಮಿ.ಮೀ. ಇರುವುದಿಲ್ಲ, ಇರಲೂಬಾರದು. ಎಂ8 ಬೋಲ್ಟಿನ ತಲೆ ಹೆಚ್ಚೆಂದರೆ 13.00, ಕಡಿಮೆ ಎಂದರೆ 12.73. ಅದು ಸಲೀಸಾಗಿ ಕೂರಲು ಬಾಯಿ ಕೂದಲೆಳೆ ಅಗಲ ಬೇಕು. 13.05ರಿಂದ 13.25ರ ಒಳಗಿದ್ದರೆ ಒಳ್ಳೆಯದು. 13.3 ದಾಟಿದರೆ ಬಿಗಿಯುವಾಗ ಬೋಲ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಬಾಯಿಯನ್ನು ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆಯಿರಿ. ಹೊರಗೆ ಅಗಲವಾಗುತ್ತ ಹೋದರೆ ಒಳಗನ್ನು ಸರಿಯಾಗಿ ಮಶೀನ್ ಮಾಡಿಲ್ಲ ಎಂದೇ ಅರ್ಥ. ಈ ಅಳತೆಯ ಮಿತಿಗಳನ್ನು ಹೇಳುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 691. ಗಡಸು ಮತ್ತು ತಿರುಚುಬಲದ್ದು ಐಎಸ್‌ಒ 1711. ತಯಾರಕರ ಕ್ಯಾಟಲಾಗಿನಲ್ಲಿ ಈ ನಂಬರುಗಳು ಕಂಡರೆ ದೇಶದ ಹೆಸರಿಗಿಂತ ಅದಕ್ಕೆ ಹೆಚ್ಚು ಬೆಲೆ ಕೊಡಿ.

ಬಲದ ಪರೀಕ್ಷೆ ಹೀಗೆ. ದಪ್ಪ ಉಕ್ಕಿನ ಪಟ್ಟಿಗೆ ತೂತು ಕೊರೆದು 8.8 ಬಲದರ್ಜೆಯ ಎಂ8 ಬೋಲ್ಟು ಹಾಕಿ, ಪಟ್ಟಿಯನ್ನು ವೈಸ್‌ನಲ್ಲಿ ಹಿಡಿಸಿ, ಬೋಲ್ಟಿನ ತಲೆ ತಿರುಗದಂತೆ ಇನ್ನೊಂದು ಸ್ಪ್ಯಾನರಿನಲ್ಲಿ ತಡೆಯಿರಿ. ನಟ್ಟನ್ನು ಸುಮಾರು 25 ನ್ಯೂಟನ್ ಮೀಟರಿಗೆ ಬಿಗಿಯಬೇಕು; 17 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 15 ಕಿಲೋ ಭಾರ ಬಿಟ್ಟಂತೆ. ತೆರೆದ ಬಾಯಿಯಿಂದಲೇ ಹತ್ತು ಸಲ ಬಿಗಿದು ಬಿಚ್ಚಿ, ಮತ್ತೆ ಅಳೆಯಿರಿ. ಮೊದಲಿಗಿಂತ 0.05 ಮಿ.ಮೀ. ಹೆಚ್ಚು ತೆರೆದುಕೊಂಡಿದ್ದರೆ ಅದು ಮೆದು. ಇಷ್ಟು ಕೆಲಸ ಒಳ್ಳೆಯ ಸ್ಪ್ಯಾನರಿಗೆ ಲೆಕ್ಕಕ್ಕೇ ಇಲ್ಲ.

ಆಮದು ಸೆಟ್‌ಗಳಲ್ಲಿ ಗುಣಮಟ್ಟಕ್ಕಿಂತ ಮೊದಲು ಕಾಡುವುದು ಸೈಜು. ಎಂ10 ಬೋಲ್ಟಿನ ತಲೆ ಹಳೆಯ ಡಿಐಎನ್ (ಜರ್ಮನ್ ಮಾನಕ) ಪ್ರಕಾರ 17 ಮಿ.ಮೀ., ಐಎಸ್‌ಒ ಪ್ರಕಾರ 16, ಜಪಾನಿನ ವಾಹನಗಳಲ್ಲಿ 14 ಸಿಗುತ್ತದೆ. ಎಂ12ಕ್ಕೆ 19 ಮತ್ತು 18. ಒಂದು ಮಾರುಕಟ್ಟೆಗೆಂದು ಕಟ್ಟಿದ ಸೆಟ್ಟಿನಲ್ಲಿ ನಿಮಗೆ ದಿನಾ ಬೇಕಾದ ಸೈಜೇ ಇಲ್ಲದಿರಬಹುದು. ಇಂಚಿನ ಸೆಟ್ಟಾದರೆ ಇನ್ನೂ ಹುಷಾರು: ಅರ್ಧ ಇಂಚು ಅಂದರೆ 12.7 ಮಿ.ಮೀ., 13ರ ತಲೆಗೆ ಹತ್ತದು. 3/4 ಇಂಚು 19.05, 19ಕ್ಕೆ ನಡೆಯುತ್ತದೆ. 11/16 ಇಂಚು 17.46, 17ರ ತಲೆಯ ಮೇಲೆ ಕೂರುತ್ತದೆ, ಆದರೆ ಜಾರಿ ಮೂಲೆ ತಿನ್ನುತ್ತದೆ.

ಸಾಕೆಟ್ಟಿನಲ್ಲಿ ಗೋಡೆಯ ದಪ್ಪ ಸುತ್ತಲೂ ಒಂದೇ ಸಮ ಇದೆಯೇ ನೋಡಿ. ಒಂದು ಬದಿ ತೆಳುವಾಗಿದ್ದರೆ ಒತ್ತಡ ಬಿದ್ದಾಗ ಅಲ್ಲಿಂದಲೇ ಸೀಳು ಶುರು. ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದು ತುಕ್ಕು ಹಿಡಿದ ಬೋಲ್ಟಿಗೆ ವಾಸಿ. ಹೊಳೆಯುವ ಕ್ರೋಮ್ ಸಾಕೆಟ್ಟನ್ನು ಇಂಪ್ಯಾಕ್ಟ್ ರೆಂಚಿಗೆ (ಪೆಟ್ಟು ಕೊಡುತ್ತ ತಿರುಗಿಸುವ ಯಂತ್ರಕ್ಕೆ) ಎಂದೂ ಹಾಕಬೇಡಿ, ಎಷ್ಟು ಹೆಸರುವಾಸಿ ಕಂಪನಿಯದಾದರೂ ಸರಿ. ಸಿಡಿದ ಚೂರು ಕಣ್ಣಿಗೆ ಬರುತ್ತದೆ. ಒಂದೇ ದಿಕ್ಕಿಗೆ ಬಿಗಿಯುವ ಹಿಡಿಯಾದ ರ‍್ಯಾಚೆಟ್ಟಿನ ಹಲ್ಲು 72 ಇದ್ದರೆ 5 ಡಿಗ್ರಿಗೊಮ್ಮೆ ಕಚ್ಚುತ್ತದೆ, 24 ಇದ್ದರೆ 15 ಡಿಗ್ರಿಗೆ. ಇಕ್ಕಟ್ಟಿನ ಜಾಗಕ್ಕೆ ಹಲ್ಲು ಹೆಚ್ಚಿದ್ದರೆ ಅನುಕೂಲ, ಬಲಕ್ಕೆ ಅದು ಖಾತ್ರಿಯಲ್ಲ. ಕೈಯಲ್ಲಿ ಹಿಂದಕ್ಕೆ ತಿರುಗಿಸಿ: ನಟ್ಟು ಬೆರಳಿಗೆ ಸಡಿಲವಿದ್ದಾಗಲೂ ರ‍್ಯಾಚೆಟ್ ಟಿಕ್ ಟಿಕ್ ಎಂದು ಹಿಂದೆ ಸರಿಯಬೇಕು. ನಟ್ಟನ್ನೂ ಜೊತೆಗೆ ಎಳೆದುಕೊಂಡು ಬಂದರೆ ಒಳಗಿನ ಸ್ಪ್ರಿಂಗ್ ಒರಟು.

ಸ್ಕ್ರೂಡ್ರೈವರ್ ಮತ್ತು ಪ್ಲೇಯರ್

ಹೊಸ ಪಿಎಚ್2 (ಕೂಡುಗುರುತಿನ ಫಿಲಿಪ್ಸ್ ತಲೆ, 2ನೇ ಸೈಜು) ಸ್ಕ್ರೂ ಮತ್ತು ಪಿಎಚ್2 ಸ್ಕ್ರೂಡ್ರೈವರ್ ಜೋಡಿಸಿ, ಅಡ್ಡ ಹಿಡಿದು ಕೈ ಬಿಡಿ. ಆಯಸ್ಕಾಂತವಿಲ್ಲದೆಯೂ ಸ್ಕ್ರೂ ಒಂದು ಗಳಿಗೆ ನಿಂತರೆ ತುದಿಯ ಆಕಾರ ನಿಖರ. ಅಲುಗಾಡಿ ಬಿದ್ದರೆ ತುದಿಯನ್ನು ಲೆನ್ಸಿನಲ್ಲಿ ನೋಡಿ: ನಾಲ್ಕು ರೆಕ್ಕೆಗಳ ಅಂಚು ಚೂಪಾಗಿವೆಯೇ, ಲೇಪ ಮೆತ್ತಿ ದುಂಡಗಾಗಿವೆಯೇ? ಜಪಾನಿ ಯಂತ್ರಗಳ ಜೆಐಎಸ್ (ಜಪಾನಿನ ಮಾನಕದ) ಸ್ಕ್ರೂಗಳು ನೋಡಲು ಫಿಲಿಪ್ಸ್‌ನಂತೆಯೇ ಇದ್ದರೂ ಒಳ ಆಕಾರ ಬೇರೆ, ಫಿಲಿಪ್ಸ್ ತುದಿ ಅವನ್ನು ಕೊರೆದು ಹಾಕುತ್ತದೆ. ಪೊಜಿಡ್ರೈವ್ ಸ್ಕ್ರೂವಿನ ತಲೆಯಲ್ಲಿ ನಾಲ್ಕು ಸಣ್ಣ ಗೀಟು ಹೆಚ್ಚಿರುತ್ತವೆ. ತಪ್ಪು ತುದಿ ಹಾಕಿ ಹತಾರವನ್ನು ಬೈಯುವುದು ಬಹಳ ಕಂಡುಬರುವ ಸಂಗತಿ.

ಪ್ಲೇಯರನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚುಗಳ ನಡುವೆ ಬೆಳಕು ಕಾಣಬಾರದು. ತೆಳ್ಳನೆ ಕಾಗದವನ್ನು ಅಂಚಿನ ಉದ್ದಕ್ಕೂ ಮೂರು ಕಡೆ ಕತ್ತರಿಸಿ ನೋಡಿ. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಮಡಿಸಿದರೆ ಅಂಚು ಕೂಡಿಲ್ಲ. ಹಿಡಿಗಳನ್ನು ಅಡ್ಡಡ್ಡ ಅಲ್ಲಾಡಿಸಿ: ಕೀಲಿನಲ್ಲಿ ಆಟ ಇರಕೂಡದು, ಆದರೂ ತನ್ನ ಭಾರಕ್ಕೆ ಸರಾಗವಾಗಿ ತೆರೆಯಬೇಕು.

ವಿದ್ಯುತ್ ಕೆಲಸದ ಪ್ಲೇಯರಿನಲ್ಲಿ ರಾಜಿ ಬೇಡ. ಹಿಡಿಗೆ ಪ್ಲಾಸ್ಟಿಕ್ ಮೆತ್ತಿದ ಮಾತ್ರಕ್ಕೆ ಅದು ಇನ್ಸುಲೇಟೆಡ್ ಆಗುವುದಿಲ್ಲ. ಐಇಸಿ 60900 ಮಾನಕದ ಹತಾರದ ಮೇಲೆ ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಬರಹ, ತಯಾರಕರ ಹೆಸರು, ಮಾದರಿ, ತಯಾರಾದ ವರ್ಷ ಎಲ್ಲವೂ ಇರಬೇಕು. ಅಂಥವನ್ನು 10,000 ವೋಲ್ಟಿನಲ್ಲಿ ಪರೀಕ್ಷಿಸಿರುತ್ತಾರೆ. ತ್ರಿಕೋನ ಮಾತ್ರ ಇದ್ದು ವರ್ಷ, ಮಾದರಿ ಇಲ್ಲದಿದ್ದರೆ ಆ ಗುರುತನ್ನು ನಂಬಬೇಡಿ.

ಉಳಿ: ತಾಳ್ಮೆ ಬೇಡುವ ಪರೀಕ್ಷೆ

ಉಳಿಯ ಬೆನ್ನಿಗೆ ಮಾರ್ಕರ್ ಬಳಿದು, ನುಣುಪು ಎಮರಿ ಕಾಗದ ಅಂಟಿಸಿದ ಗಾಜಿನ ಮೇಲೆ ನಾಲ್ಕಾರು ಸಲ ಎಳೆಯಿರಿ. ಬಾಯಿಯ ಹತ್ತಿರದ ಮಸಿ ಮೊದಲು ಅಳಿಸಿದರೆ ಒಳ್ಳೆಯದು: ನಡು ಸ್ವಲ್ಪ ತಗ್ಗು ಇದ್ದರೆ ಚಪ್ಪಟೆ ಮಾಡುವುದು ಸುಲಭ. ನಡುವಿನ ಮಸಿ ಅಳಿಸಿ ಅಂಚಿನದು ಉಳಿದರೆ ಬೆನ್ನು ಉಬ್ಬಿದೆ. ಅದನ್ನು ಕೈಯಲ್ಲಿ ತಿದ್ದುವುದು ಗಂಟೆಗಟ್ಟಲೆಯ ಕೆಲಸ, ಬದಲಾಯಿಸಿಕೊಳ್ಳಿ. ಬಾಯಿಯ ಬಳಿ ನೀಲಿ ಛಾಯೆ ಇದೆಯೇ ನೋಡಿ. ಸಾದಾ ಕಾರ್ಬನ್ ಉಕ್ಕು 230 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹುಲ್ಲಿನ ಹಳದಿಗೆ, 300ರ ಸುಮಾರಿಗೆ ನೀಲಿಗೆ ತಿರುಗುತ್ತದೆ. ನೀಲಿ ಅಂದರೆ ಕಾರ್ಖಾನೆಯ ಸಾಣೆಯಲ್ಲೇ ಸುಟ್ಟು ಅಲ್ಲಿನ ಹದ ಹೋಗಿದೆ.

ಮುಂದಿನದು ಬಾಯಿಯ ಪರೀಕ್ಷೆ. 25 ಡಿಗ್ರಿ ಇಳಿಜಾರು, ತುದಿಗೆ 30 ಡಿಗ್ರಿ ಕೊಟ್ಟು ಸಾಣೆ ಹಿಡಿಯಿರಿ. ಗಟ್ಟಿ ಮರದ ಕೊನೆನಾರಿನ ಕಡೆ (ನಾರು ಅಡ್ಡಕ್ಕೆ ಕತ್ತರಿಸಿದ ತುದಿಯಲ್ಲಿ), ಕೊಡತಿಯಿಂದ ಇಪ್ಪತ್ತು ಪೆಟ್ಟು ಹೊಡೆದು ಬಾಯಿಯನ್ನು ಬೆಳಕಿನ ಎದುರು ಲೆನ್ಸಿನಲ್ಲಿ ನೋಡಿ. ಹೊಳೆಯುವ ಗೆರೆ ಕಂಡು, ಉಗುರಿಗೆ ಮಡಿಕೆ ತಾಗಿದರೆ ಉಕ್ಕು ಮೆದು. ಸಣ್ಣ ಸಣ್ಣ ಕಚ್ಚು ಬಿದ್ದಿದ್ದರೆ ಗಡಸು ಅತಿಯಾಗಿದೆ, ಇಲ್ಲವೇ ಒಳಗಿನ ಕಣ ದಪ್ಪವಾಗಿದೆ. ಆದರೆ ಇಷ್ಟಕ್ಕೇ ತೀರ್ಪು ಕೊಡಬೇಡಿ. ಹೊಸ ಉಳಿಯ ಮೊದಲ ಒಂದೆರಡು ಮಿ.ಮೀ. ಕಾರ್ಖಾನೆಯ ಬಿಸಿಗೆ ಕೆಟ್ಟಿರುವುದು ಸಾಮಾನ್ಯ. ಅದನ್ನು ಸವೆಸಿ ಎರಡು-ಮೂರು ಸಲ ಸಾಣೆ ಹಿಡಿದ ಮೇಲೆ ಅದೇ ಉಳಿ ಬೇರೆಯೇ ಆಗಿ ನಿಲ್ಲಬಹುದು. ಅಗ್ಗದ ಉಳಿಗಳನ್ನು ಬೇಗ ತಳ್ಳಿಹಾಕುವವರು ಈ ಒಂದು ಹೆಜ್ಜೆ ಬಿಡುತ್ತಾರೆ. ಗಡಸು ಹೆಚ್ಚಿಟ್ಟ ಜಪಾನಿ ಉಳಿ 30 ಡಿಗ್ರಿಯಲ್ಲಿ ಕಚ್ಚು ಬಿಟ್ಟರೆ 33, 35ಕ್ಕೆ ಏರಿಸಿ ಮತ್ತೆ ನೋಡಿ. ಅಲ್ಲಿ ಕೆಟ್ಟದ್ದು ಉಕ್ಕಲ್ಲ, ಕೋನ.

ಉಳಿದವು ಬೇಗ

ಸುತ್ತಿಗೆಯ ಮುಖದ ಅಂಚು ಸುತ್ತಲೂ ಸ್ವಲ್ಪ ಇಳಿಜಾರಾಗಿರಬೇಕು, ಚೂಪು ಅಂಚು ಚಕ್ಕೆ ಎಗರಿಸುತ್ತದೆ. ಎರಡು ಸುತ್ತಿಗೆಗಳನ್ನು ಒಂದಕ್ಕೊಂದು ಹೊಡೆದು ಪರೀಕ್ಷಿಸಬೇಡಿ. ಮರದ ಕಾವಿನ ತುದಿ ನೋಡಿ: ನಾರಿನ ಗೆರೆಗಳು ತಲೆಯ ಉದ್ದಕ್ಕೆ ಸಮಾನಾಂತರವಾಗಿ ಹೋಗಿದ್ದರೆ ಕಾವು ಬಾಳುತ್ತದೆ, ಅಡ್ಡಲಾಗಿದ್ದರೆ ಸೀಳುತ್ತದೆ. ಬಣ್ಣ ಬಳಿದ ಕಾವು ನಾರನ್ನು ಮುಚ್ಚುತ್ತದೆ, ಬಣ್ಣವಿಲ್ಲದ್ದನ್ನೇ ಆರಿಸಿ.

ಟ್ರೈ ಸ್ಕ್ವೇರನ್ನು ನೇರ ಅಂಚಿನ ಹಲಗೆಗೆ ಒತ್ತಿ ಒಂದು ಗೆರೆ ಎಳೆದು, ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಗೆರೆಗಳು ಬೇರೆಯಾದಷ್ಟರ ಅರ್ಧವೇ ಅದರ ತಪ್ಪು. ಎಷ್ಟೇ ದೊಡ್ಡ ಹೆಸರಿನದಾದರೂ ಈ ಪರೀಕ್ಷೆ ಬಿಡಬೇಡಿ. ಸಾಗಣೆಯಲ್ಲಿ ಬಿದ್ದ ಸ್ಕ್ವೇರ್ ಹೊರಗಿನಿಂದ ಹೊಸದಾಗಿಯೇ ಕಾಣುತ್ತದೆ. ಗರಗಸದ ಹಲ್ಲಿನ ತುದಿ ಮಾತ್ರ ಕಪ್ಪು-ನೀಲಿಯಾಗಿದ್ದರೆ ಅದು ತುದಿಯಷ್ಟೇ ಗಡಸಾದ ಮಾದರಿ: ಬಹುಕಾಲ ಹರಿತ, ಆದರೆ ಅರ ಹಾಕಿ ಹರಿತ ಮಾಡಲಾಗದು. ಹಲ್ಲನ್ನು ತಾವೇ ಹರಿತ ಮಾಡಿಕೊಳ್ಳುವ ಅಭ್ಯಾಸ ಇರುವವರಿಗೆ ಅದು ಬೇಡ.

ಹಾಗಾದರೆ ಯಾವುದು

ಬಾಯಿ ಹರಿತವಾಗಿ ನಿಲ್ಲಬೇಕಾದ, ಇಲ್ಲವೇ ಅಳತೆ ಕೊಡಬೇಕಾದ ಹತಾರಕ್ಕೆ ಹೆಸರು ಉಳಿಸಿಕೊಂಡ ತಯಾರಕರನ್ನೇ ಹಿಡಿಯಿರಿ, ಅವರು ಎಲ್ಲಿಯವರಾದರೂ. ಹೊಡೆಯುವ, ಮೀಟುವ, ಹಿಡಿಯುವ ಹತಾರಗಳಲ್ಲಿ ದೇಶಿ ಮತ್ತು ಆಮದಿನ ನಡುವಿನ ಅಂತರ ಕಡಿಮೆ; ಮೇಲಿನ ಪರೀಕ್ಷೆ ಗೆದ್ದರೆ ಹತ್ತಿರ ತಯಾರಾದದ್ದೇ ವಾಸಿ. ಕಾರಣ ಬಿಡಿಭಾಗ. ರ‍್ಯಾಚೆಟ್ಟಿನ ಸ್ಪ್ರಿಂಗು, ಪೈಪ್ ರೆಂಚಿನ ದವಡೆ, ಉಜ್ಜುಗೊರಡಿನ ಅಲಗು ಸಿಗದಿದ್ದರೆ ದುಬಾರಿ ಆಮದು ಹತಾರವೂ ಗುಜರಿಗೇ ಹೋಗುತ್ತದೆ. ವಾರಂಟಿ ಕೇಳುವಾಗ ಎಷ್ಟು ವರ್ಷ ಎನ್ನುವುದಕ್ಕಿಂತ ಮುರಿದದ್ದನ್ನು ಯಾರು, ಎಲ್ಲಿ, ಎಷ್ಟು ದಿನದಲ್ಲಿ ಬದಲಾಯಿಸಿಕೊಡುತ್ತಾರೆ ಎಂದು ಕೇಳಿ.

ಆಮದು ಹತಾರಕ್ಕೆ ನಕಲಿಯ ಕಾಟ ಹೆಚ್ಚು. ಮುದ್ರೆಯ ಅಕ್ಷರದ ಆಳ, ಅಂತರ, ಮಾದರಿ ಸಂಖ್ಯೆ ಮತ್ತು ತೂಕವನ್ನು ತಯಾರಕರ ಕ್ಯಾಟಲಾಗಿನ ಜೊತೆ ಹೋಲಿಸಿ. ತೂಕವೇ ಬೇಗ ಗುಟ್ಟು ಬಿಡುವುದು: ಅಚ್ಚು ನಕಲು ಮಾಡಿದರೂ ದಪ್ಪ ಉಳಿಸುವವರು ಕಡಿಮೆ. ಇಡೀ ಸೆಟ್ ಕೊಳ್ಳುವ ಮೊದಲು ಅದೇ ಸಾಲಿನ ಎರಡು ಬಿಡಿ ಪೀಸ್ ಬೇರೆ ಬೇರೆ ಪೆಟ್ಟಿಗೆಯಿಂದ ತೆಗೆದುಕೊಂಡು ಎರಡಕ್ಕೂ ಒಂದೇ ಪರೀಕ್ಷೆ ಮಾಡಿ; ಎರಡೂ ಒಂದೇ ರೀತಿ ನಿಂತರೆ ಮಾತ್ರ ಸೆಟ್ ಕೊಳ್ಳಿ.