ಎದೆಗೆ ಅಂಟುವ ಇಸಿಜಿ ಪಟ್ಟಿ: ನನ್ನ ಅನುಭವ

ಸುಮ್ಮನೆ ಕುಳಿತವರ ಇಸಿಜಿಯನ್ನು ಯಾವ ಪಟ್ಟಿಯಾದರೂ ಅಂದವಾಗಿ ಬರೆದುಕೊಡುತ್ತದೆ. ಅದೇ ವ್ಯಕ್ತಿ ಎದ್ದು ಮೆಟ್ಟಿಲು ಹತ್ತಿದರೆ ಪಟ್ಟಿಯ ಬಣ್ಣ ಬಯಲಾಗುತ್ತದೆ. ಬೆಂಗಳೂರಿನಲ್ಲಿ ನಾನು ಕಟ್ಟಿದ ಸಿಲಿಕೋನ್ ಪಟ್ಟಿಯ ಗೋಳೂ ಇದೇ. ಹೃದಯದ ಸಂಕೇತವನ್ನು ಹಿಗ್ಗಿಸುವ ಚಿಪ್ ಎಲ್ಲರೂ ಬಳಸುವ ಎಡಿ8232; ಚರ್ಮದಿಂದ ಆ ಸಂಕೇತ ಹಿಡಿಯುವ ವಿದ್ಯುದ್ವಾರಗಳಿಗೆ ಬೆಳ್ಳಿ ಲೇಪಿಸಿದ ಬಟ್ಟೆ. ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಹೃದಯದ ಸಂಕೇತ ಎದೆಯ ಚರ್ಮಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ 1 ಮಿಲಿವೋಲ್ಟ್. ಚರ್ಮ ಹಿಗ್ಗಿದಾಗ ಅದರ ವಿಭವವೇ (ವೋಲ್ಟೇಜ್) ಮಿಲಿವೋಲ್ಟ್‌ಗಳ ಲೆಕ್ಕದಲ್ಲಿ ಏರುಪೇರಾಗುತ್ತದೆ. ವಿದ್ಯುತ್ ಜಾಲದ 50 ಹರ್ಟ್ಸ್ ಗುಂಯ್‌ಗಾಟವನ್ನು ಫಿಲ್ಟರ್ ಹಾಕಿ ಅಡಗಿಸಬಹುದು. ನಡಿಗೆಯ ಅಲುಗಾಟ ಹಾಗಲ್ಲ, ಅದು ಇಸಿಜಿಯ ಆವರ್ತನಗಳಲ್ಲೇ ಬಂದು ಕೂರುತ್ತದೆ. ಒಂದನ್ನು ಕತ್ತರಿಸಿದರೆ ಇನ್ನೊಂದೂ ಹೋಗುತ್ತದೆ. ಹಾಗಾಗಿ ಸಾಫ್ಟ್‌ವೇರ್ ಬದಿಗಿಟ್ಟು ಅಂಟಿನ ಕಡೆ ತಿರುಗಿದೆ.

ಪಟ್ಟಿ ಚರ್ಮಕ್ಕೆ ಅಂಟಿ ಕೂರಬೇಕಾದರೆ ಸುಲಭವಾಗಿ ಬಾಗಬೇಕು. ಹಾಳೆಯ ಬಾಗುವ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 2 ಮಿ.ಮೀ. ಸಿಲಿಕೋನನ್ನು 1 ಮಿ.ಮೀ.ಗೆ ಇಳಿಸಿದರೆ ಬಾಗಿಸಲು ಎಂಟನೇ ಒಂದು ಭಾಗ ಬಲ ಸಾಕು. ಈ ಒಂದು ಬದಲಾವಣೆ ಕೊಟ್ಟ ಫಲವನ್ನು ಯಾವ ಅಲ್ಗಾರಿದಮ್ಮೂ ಕೊಡಲಿಲ್ಲ. ಆದರೂ ದೀರ್ಘ ಉಸಿರು ಎಳೆದಾಗ ಅಂಚು ಕೂದಲೆಳೆಯಷ್ಟು ಏಳುತ್ತಿತ್ತು, ಪರದೆಯ ಮೇಲಿನ ಗೆರೆ ಅದೇ ಕ್ಷಣ ಜಾರುತ್ತಿತ್ತು. ಅಚ್ಚನ್ನು ಬದಲಿಸಿ, ದೋಸೆಯ ಅಂಚಿನಂತೆ ಹೊರಗೆ ಹೋದಷ್ಟೂ ತೆಳುವಾಗುವಂತೆ ಎರಕ ಹೊಯ್ದ ಮೇಲೆ ಅದು ನಿಂತಿತು. ಒಳಗಿನ ತಂತಿಯನ್ನು ನೇರವಾಗಿ ಎಳೆಯದೆ ಹಾವಿನ ನಡೆಯಲ್ಲಿ ಹಾಸಿದ್ದರಿಂದ, ಎಳೆತ ತಂತಿಯ ಬದಲು ತಿರುವುಗಳಿಗೆ ಹಂಚಿಹೋಯಿತು.

ಒಣ ಬಟ್ಟೆಯ ವಿದ್ಯುದ್ವಾರಕ್ಕೆ ಬೆವರೇ ವಿದ್ಯುತ್ ಸಂಪರ್ಕ ಕೊಡುವ ಜೆಲ್. ಅಂಟಿಸಿದ ಹೊಸದರಲ್ಲಿ ಗೆರೆ ಒರಟು. ಚರ್ಮ ಒದ್ದೆಯಾಗುತ್ತ ಬಂದಂತೆ ತಾನಾಗಿ ತಿಳಿಯಾಗುತ್ತದೆ. ಆ ಮೊದಲ ನಿಮಿಷಗಳ ದತ್ತಾಂಶವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆವರು ಹೆಚ್ಚಾದರೆ ಎರಡು ವಿದ್ಯುದ್ವಾರಗಳ ನಡುವೆಯೇ ಸೇತುವೆ ಕಟ್ಟುತ್ತದೆ, ಆದ್ದರಿಂದ ನಡುವೆ ಸಿಲಿಕೋನಿನ ಸಣ್ಣ ಏರಿ ಬೇಕು.

ಇಷ್ಟಾದ ಮೇಲೆ ಅಲುಗಾಟ ಅಳೆಯುವ ಅಕ್ಸೆಲೆರೊಮೀಟರ್ ಸೇರಿಸಿದೆ. ಅದನ್ನು ವಿದ್ಯುದ್ವಾರದ ಬೆನ್ನಿಗೇ ಕೂರಿಸಿ, ಅದರ ಸಂಕೇತದಿಂದ ಅಲುಗಾಟದ ಪಾಲನ್ನು ಅಂದಾಜಿಸಿ ಕಳೆಯುವುದು ಉಪಾಯ. ಪಟ್ಟಿ ಭದ್ರವಾಗಿ ಅಂಟಿದ್ದರೆ ಮಾತ್ರ ಇದು ನಡೆಯುತ್ತದೆ. ಸಡಿಲ ಪಟ್ಟಿಯಲ್ಲಿ ಎರಡು ಸಂಕೇತಗಳಿಗೂ ಸಂಬಂಧವೇ ಇರುವುದಿಲ್ಲ.

ನಿಖರತೆಯನ್ನು ಅಳೆಯಲು ಪಕ್ಕದಲ್ಲೇ ಆಸ್ಪತ್ರೆಯ ಜೆಲ್ ವಿದ್ಯುದ್ವಾರಗಳನ್ನು ಅಂಟಿಸಿ, ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿ, ಬಡಿತದಿಂದ ಬಡಿತಕ್ಕೆ ಇರುವ ಅಂತರವನ್ನು ಹೋಲಿಸುತ್ತೇನೆ. ನಿಮಿಷದ ಸರಾಸರಿಯನ್ನು ನಾನು ನಂಬುವುದಿಲ್ಲ. ತಪ್ಪಿಹೋದ ಒಂದು ಬಡಿತವನ್ನು ಹೆಚ್ಚುವರಿಯಾಗಿ ಎಣಿಸಿದ ಇನ್ನೊಂದು ಅದರಲ್ಲಿ ಮುಚ್ಚಿಹಾಕುತ್ತದೆ.

ಬಡಿತ ಎಣಿಸಲು 5ರಿಂದ 15 ಹರ್ಟ್ಸ್ ಸಾಕು. ಗೆರೆಯಲ್ಲಿ ಬಡಿತದ ಚೂಪು ಮೊನೆಯ ನಂತರ ಬರುವ ಎಸ್‌ಟಿ ಭಾಗದ ಏರಿಳಿತ ನೋಡಬೇಕೆಂದರೆ 0.05 ಹರ್ಟ್ಸ್‌ವರೆಗೂ ಇಳಿಯಬೇಕು, ಅಲ್ಲಿ ಚರ್ಮದ ಜಾರಾಟವೆಲ್ಲ ಒಳಗೆ ನುಗ್ಗುತ್ತದೆ. ನನ್ನ ಪಟ್ಟಿ ಬಡಿತವನ್ನಷ್ಟೇ ಎಣಿಸುತ್ತದೆ. ಎಸ್‌ಟಿ ಕೇಳುವವರನ್ನು ಆಸ್ಪತ್ರೆಯ ಹನ್ನೆರಡು ಲೀಡ್‌ಗಳ ಇಸಿಜಿ ಯಂತ್ರದ ಬಳಿಗೇ ಕಳುಹಿಸುತ್ತೇನೆ.