ರೊಟ್ಟಿ ಎಷ್ಟು, ಅನ್ನ ಎಷ್ಟು? ಕೂರುವ ಮೊದಲೇ ಲೆಕ್ಕ ಹಾಕಿ

ತೂಕ ಇಳಿಸಬೇಕು ಅಂದ ಕೂಡಲೇ ನಮ್ಮ ಗಂಗಾವತಿ, ಸಿಂಧನೂರು ಕಡೆ ಬಹಳ ಜನ ರಾತ್ರಿ ಊಟ ಬಿಡುತ್ತಾರೆ. ನಾಲ್ಕು ದಿನ ನಡೆಯುತ್ತದೆ. ಐದನೇ ದಿನ ಹಸಿವು ತಡೆಯದೆ ಎರಡರಷ್ಟು ತಿನ್ನುತ್ತಾರೆ. ದಯವಿಟ್ಟು ಊಟ ಬಿಡಬೇಡಿ. ಎಷ್ಟು ತಿನ್ನಬೇಕು ಅನ್ನುವುದನ್ನು ಗಂಗಾಳದ ಮುಂದೆ ಕೂರುವ ಮೊದಲೇ ತೀರ್ಮಾನಿಸಿ. ಕೂತ ಮೇಲೆ ಅದು ಆಗುವ ಮಾತಲ್ಲ, ಯಾಕಂದ್ರೆ ಹೆಂಚಿನಿಂದ ಬಿಸಿ ರೊಟ್ಟಿ ಬರುತ್ತಲೇ ಇರುತ್ತದೆ, ಬಡಿಸುವವರು "ಇನ್ನೊಂದು ಹಾಕ್ಕೊಳ್ರಿ" ಅಂತ ಪ್ರೀತಿಯಿಂದ ಅನ್ನುತ್ತಾರೆ, ಬೇಡ ಅನ್ನಲು ಬಾಯಿ ಬರುವುದಿಲ್ಲ.

ಮೊದಲ ವಾರ ಏನನ್ನೂ ಕಡಿಮೆ ಮಾಡಬೇಡಿ. ಸುಮ್ನೆ ಅಳೆಯಿರಿ. ಒಂದು ರೊಟ್ಟಿಯ ಹಿಟ್ಟನ್ನು ತೂಗಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ತೂಗಿಸಿ. ನಮ್ಮ ಮನೆಯ ರೊಟ್ಟಿಗೆ 60 ಗ್ರಾಂ ಬಂತು. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 340 ಕ್ಯಾಲರಿ ಇರುತ್ತದೆ, ಅಂದರೆ ಒಂದು ರೊಟ್ಟಿಗೆ 200, ಮೂರಕ್ಕೆ 600. ಅಕ್ಕಿಯದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಜೋಳ ತಿಂದರೆ ದಪ್ಪ ಆಗುವುದಿಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ. ಪಾಲಿಶ್ ಅಕ್ಕಿಗಿಂತ ಜೋಳದಲ್ಲಿ ನಾರು ಸುಮಾರು ಮೂರು ಪಟ್ಟು ಜಾಸ್ತಿ, ಹಾಗಾಗಿ ಹೊಟ್ಟೆ ತುಂಬಿದ ಹಾಗೆ ಹೆಚ್ಚು ಹೊತ್ತು ಇರುತ್ತದೆ. ಅದು ದೊಡ್ಡ ಲಾಭವೇ. ಆದರೆ ರೊಟ್ಟಿ ಎಣಿಸುವುದನ್ನು ಬಿಡುವ ಹಾಗಿಲ್ಲ.

ಎರಡನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ರೊಟ್ಟಿ ಆದ ಮೇಲಿನ ಅನ್ನ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗಳಿಗೆ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಮೊದಲು ಹಬ್ಬಕ್ಕೆ ಮಾತ್ರ ಅನ್ನ ಉಣ್ಣುತ್ತಿದ್ದ ಮನೆಗಳಲ್ಲಿ ಅದು ದಿನದ ಊಟವಾಯಿತು. ಆದರೆ ರೊಟ್ಟಿ ಹೋಗಲಿಲ್ಲ, ಅನ್ನ ಅದರ ಮೇಲೆ ಬಂದು ಕೂತಿತು. ಒಂದೇ ಹೊತ್ತಿಗೆ ಎರಡು ಊಟ ಆಯ್ತು, ಅಲ್ವಾ? ಗದ್ದೆಯಲ್ಲಿ ದಿನವಿಡೀ ದುಡಿಯುವವರಿಗೆ ಅದು ಕರಗುತ್ತದೆ, ಅಂಗಡಿಯಲ್ಲೋ ಆಫೀಸಿನಲ್ಲೋ ಕೂರುವವರಿಗೆ ಕರಗುವುದಿಲ್ಲ. ಮಧ್ಯಾಹ್ನ ರೊಟ್ಟಿ, ರಾತ್ರಿ ಅನ್ನ ಅಂತ ಹಂಚಿಕೊಳ್ಳಿ. ನಮ್ಮ ಅತ್ತೆಯವರಿಗೆ ಅನ್ನ ಇಲ್ಲದೆ ಊಟ ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ. ಅವರು ಒಂದು ರೊಟ್ಟಿ ಬಿಟ್ಟು, ಕೊನೆಗೆ ಸಣ್ಣ ವಾಟಿಯಲ್ಲಿ ಮಜ್ಜಿಗೆ ಅನ್ನ ಉಣ್ಣಲು ಶುರು ಮಾಡಿದರು. ಹದಿನೈದು ದಿನದಲ್ಲಿ ರೂಢಿಯಾಯಿತು.

ಆಮೇಲೆ ಬಡಿಸುವ ಕ್ರಮ ಬದಲಿಸಿ. ಮೊದಲು ಅರ್ಧ ಗಂಗಾಳ ತುಂಬ ಪುಂಡಿಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ ಹಾಕಿಕೊಳ್ಳಿ. ಅದರ ಪಕ್ಕ ಮಡಕಿಕಾಳೋ ಹೆಸರುಕಾಳೋ ಇರಲಿ. ಉಳಿದ ಜಾಗದಲ್ಲಿ ರೊಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡ ತಟ್ಟೆಯ ಅರ್ಧ ಭಾಗ ತರಕಾರಿ, ಹಣ್ಣು ಇರಲಿ ಎನ್ನುತ್ತದೆ. ರೊಟ್ಟಿ ಡಬ್ಬಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂರಬೇಡಿ, ಒಳಗೇ ಇರಲಿ. ನಿಧಾನವಾಗಿ ಉಣ್ಣಿ. ಹೊಟ್ಟೆ ತುಂಬಿದ್ದು ಮಿದುಳಿಗೆ ತಿಳಿಯಲು ಸುಮಾರು 20 ನಿಮಿಷ ಬೇಕು.

ಎಣ್ಣೆಗಾಯಿ ತರಕಾರಿಯೇ, ಆದರೆ ಅದರಲ್ಲಿ ಎಣ್ಣೆ ಜಾಸ್ತಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲರಿ, ಅರ್ಧ ರೊಟ್ಟಿಗಿಂತ ಹೆಚ್ಚು. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುವಾಗ ಶೇಂಗಾ ಚಟ್ನಿ ಪುಡಿಗೆ ಮೇಲೆ ಮತ್ತೆ ಎಣ್ಣೆ ಯಾಕೆ ಬೇಕು? ಮೊಸರಲ್ಲಿ ಕಲಸಿ ನೋಡಿ. ಒಬ್ಬರಿಗೆ ದಿನಕ್ಕೆ ಐದು ಚಿಕ್ಕ ಚಮಚ ಎಣ್ಣೆ ಅಂತ ಇಟ್ಟುಕೊಂಡರೆ ನಾಲ್ಕು ಜನರ ಮನೆಗೆ ತಿಂಗಳಿಗೆ 3 ಲೀಟರ್ ಸಾಕು. ತಿಂಗಳ ಮೊದಲನೇ ದಿನ ಅಷ್ಟನ್ನೇ ಬೇರೆ ಕ್ಯಾನಿಗೆ ಹಾಕಿಡಿ.

ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ ವಿಷಯಕ್ಕೆ ಬರೋಣ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ದಾಸೋಹದ ಪ್ರಸಾದವನ್ನು, ಅದರ ಜೊತೆ ಬಡಿಸುವ ಮಿರ್ಚಿಯನ್ನೂ ಸಂತೋಷವಾಗಿ ಉಣ್ಣಿ, ಒಂದು ದಿನದ ಊಟದಿಂದ ಯಾರೂ ದಪ್ಪ ಆಗುವುದಿಲ್ಲ. ದಿನಾ ಬೆಳಗ್ಗೆ ಒಗ್ಗರಣಿ (ಒಗ್ಗರಣೆ ಹಾಕಿದ ಮಂಡಕ್ಕಿ) ಜೊತೆ ಎರಡು ಮಿರ್ಚಿ, ಸಂಜೆ ಚಹಾದ ಜೊತೆ ಮತ್ತೆ ಎರಡು, ಇದೇ ಹೊಟ್ಟೆ ಬೆಳೆಸುವುದು. ಬೆಳಗ್ಗೆ ಬರೀ ಒಗ್ಗರಣಿ ತಿನ್ನಿ, ಮೇಲೆ ಬೇಯಿಸಿದ ಕಾಳು ಹಾಕಿಕೊಳ್ಳಿ. ಮಿರ್ಚಿ ವಾರಕ್ಕೊಮ್ಮೆ ಇರಲಿ. ಚಹಾಕ್ಕೆ ಸಕ್ಕರೆ ಅರ್ಧ ಮಾಡಿ.

ತೂಕ ದಿನಾ ನೋಡಬೇಡಿ, ನೀರಿನಿಂದಲೇ ಏರಿಳಿತ ಆಗಿ ಸುಮ್ನೆ ಬೇಜಾರಾಗುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ವಾರಕ್ಕೆ ಅರ್ಧ ಕೆಜಿ ಇಳಿದರೆ ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ. ತಿಂಗಳಿಗೊಮ್ಮೆ ಸೊಂಟಕ್ಕೆ ಟೇಪು ಹಿಡಿಯಿರಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು ಇದನ್ನೆಲ್ಲ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಗುಳಿಗೆ ಅಷ್ಟೇ ಇದ್ದು ಊಟ ಕಡಿಮೆಯಾದರೆ ರಕ್ತದಲ್ಲಿನ ಸಕ್ಕರೆ ಒಮ್ಮೆಲೇ ಇಳಿದು ತಲೆ ಸುತ್ತಿ ಬೀಳಬಹುದು.